ನಾಯಿ, ಬೆಕ್ಕಿಗೆ ಬ್ಲಡ್ ಗ್ರೂಪ್ ಇಲ್ವಾ? ಸತ್ಯಾಂಶ

ಮೈಸೂರಿನ ಪೆಟ್ ಗ್ರೂಪ್‌ಗಳಲ್ಲಿ, ಮಂಡ್ಯ ಕಡೆ ಹಸು ಸಾಕೋರ ಗ್ರೂಪ್‌ಗಳಲ್ಲೂ ಒಂದು ಫಾರ್ವರ್ಡ್ ತಿರುಗ್ತಾನೇ ಇರುತ್ತೆ, ಪ್ರಾಣಿಗಳಿಗೆ ಬ್ಲಡ್ ಗ್ರೂಪ್ ಇಲ್ಲ, ರಕ್ತ ಬೇಕಾದ್ರೆ ಗಟ್ಟಿಮುಟ್ಟಾಗಿರೋ ಯಾವ್ದಾದ್ರೂ ನಾಯಿನ ರಕ್ತ ಕೊಡೋಕೆ ಕರ್ಕೊಂಡೋದ್ರೆ ಸಾಕು ಅಂತ. ಕಳ್ಸೋರು ಒಳ್ಳೇ ಮನಸ್ಸಿಂದಾನೇ ಕಳ್ಸೋದು, ಆದ್ರೆ ವಿಷ್ಯ ತಪ್ಪು.

ಗ್ರೂಪ್ ಇದೆ ಕಣ್ರೀ. ನಾಯಿಗಳಲ್ಲಿ ಡಿಇಎ 1 (ಕೆಂಪು ರಕ್ತಕಣದ ಮೇಲಿರೋ ಒಂದು ಗುರುತು) ಅನ್ನೋದು ಮುಖ್ಯ, ಪಾಸಿಟಿವ್ ನೆಗೆಟಿವ್ ಎರಡೂ ಇರುತ್ತೆ. ಅದರ ವಿರುದ್ಧ ಹುಟ್ಟಿನಿಂದ್ಲೇ ಆ್ಯಂಟಿಬಾಡಿ ಇರಲ್ಲ, ಹಂಗಾಗಿ ಮೊದಲ ಸಲ ಮ್ಯಾಚ್ ಆಗದ ರಕ್ತ ಕೊಟ್ರೂ ಸಾಮಾನ್ಯವಾಗಿ ದೊಡ್ಡ ರಿಯಾಕ್ಷನ್ ಕಾಣಲ್ಲ, ಈ ನಂಬಿಕೆ ಹುಟ್ಟಿದ್ದೇ ಇಲ್ಲಿಂದ ಅನ್ಸುತ್ತೆ, ಆದ್ರೆ ಎರಡನೇ ಸಲಕ್ಕೆ ದೇಹ ರೆಡಿಯಾಗಿರುತ್ತೆ, ಆಗ ಜೀವಕ್ಕೇ ಅಪಾಯ. ಬೆಕ್ಕಿಗೆ ಆ ಒಂದು ಚಾನ್ಸೂ ಇಲ್ಲ. ಅದಕ್ಕೆ ಎ, ಬಿ, ಎಬಿ ಗ್ರೂಪ್ ಇದಾವೆ, ಬಿ ಬೆಕ್ಕಿಗೆ ಎ ರಕ್ತ ಸ್ವಲ್ಪ ಹೋದ್ರೂ ಮೊದಲ ಸಲಾನೇ ಸಾಯ್ಬೋದು. ಹಸುಗಳಲ್ಲಂತೂ 11 ಗ್ರೂಪ್ ಸಿಸ್ಟಮ್.

ಇನ್ನು ಗ್ರೂಪ್ ಮ್ಯಾಚ್ ಆದ್ರೂ ಮುಗೀಲಿಲ್ಲ, ಉಣ್ಣಿ (ಮೈಗೆ ಅಂಟಿ ರಕ್ತ ಹೀರೋ ಹುಳ) ಕಚ್ಚಿ ಬರೋ ಎರ್ಲಿಕಿಯಾ, ಬೇಬಿಸಿಯಾ ಅನ್ನೋ ರೋಗಾಣುಗಳು ರಕ್ತದ ಜೊತೆಗೇ ದಾಟುತ್ತೆ, ಡೋನರ್ ನೋಡಕ್ಕೆ ಚೆನ್ನಾಗೇ ಇರುತ್ತೆ. ಪ್ರಾಣಿಗಳ ಬ್ಲಡ್ ಬ್ಯಾಂಕಿಗೂ ರೂಲ್ಸ್ ಬೇಕು ಅನ್ನೋದು ಇದಕ್ಕೇ: ಡೋನರ್ ಟೆಸ್ಟ್, ವ್ಯಾಕ್ಸಿನ್, ಯಾವತ್ತು ಎಷ್ಟು ತಗೊಂಡ್ರು ಅನ್ನೋ ರೆಕಾರ್ಡ್.

ಚೆಕ್ ಮಾಡೋದು ಸುಲಭ. ಮೆಸೇಜಲ್ಲಿ ತಾರೀಕು ಇದ್ಯಾ, ಯಾರು ಹೇಳಿದ್ದು ಅಂತ ಇದ್ಯಾ ನೋಡಿ, ಹತ್ತಿರದ ಪಶು ಆಸ್ಪತ್ರೆ ಡಾಕ್ಟ್ರನ್ನ "ಕ್ರಾಸ್‌ಮ್ಯಾಚ್ ಬೇಕಾ ಸಾರ್" (ಅಂದ್ರೆ ಎರಡೂ ಪ್ರಾಣಿಗಳ ರಕ್ತ ಹೊಂದುತ್ತಾ ಅಂತ ಮೊದ್ಲೇ ಮಾಡೋ ಟೆಸ್ಟ್) ಅಂತ ಒಂದೇ ಪ್ರಶ್ನೆ ಕೇಳಿ. ಡೋನರ್ ನಂಬರ್ ಇದ್ರೆ ಮುಂದಕ್ಕೆ ಕಳ್ಸೋಕ್ ಮುಂಚೆ ಒಂದ್ಸಲ ಫೋನ್ ಮಾಡಿ ನೋಡಿ, ಎಷ್ಟೋ ನಂಬರ್ ಈಗ ಚಾಲ್ತಿಲೇ ಇರಲ್ಲ.