ಬ್ಯಾಂಕಾಕ್‌ಗೆ ಹೋದರೆ ಮಾಲ್ ಎದುರಿನ ಆ ಕಟ್ಟಡಕ್ಕೂ ಹೋಗಿ

ಬ್ಯಾಂಕಾಕ್‌ಗೆ ಹೋಗಿಬಂದೆ ಅಂದರೆ ನಮ್ಮ ಕಡೆ ಜನ ಒಂಥರಾ ನಗುತ್ತಾರೆ. ಆರ್ಟ್ ಗ್ಯಾಲರಿ ನೋಡಲು ಹೋಗಿದ್ದೆ ಅಂದರೆ ಇನ್ನೂ ಜೋರಾಗಿ ನಗುತ್ತಾರೆ. ನಗಲಿ ಬಿಡಿ.

ಎಂಬಿಕೆ ಮಾಲ್ ಗೊತ್ತಲ್ಲ? ನಮ್ಮವರು ಚೌಕಾಸಿ ಮಾಡಿ ಮೊಬೈಲ್ ಕವರು, ಟೀ ಶರ್ಟು ತರುವ ಜಾಗ. ಅದರ ಎದುರಿಗೇ ಬ್ಯಾಂಕಾಕ್ ಆರ್ಟ್ ಅಂಡ್ ಕಲ್ಚರ್ ಸೆಂಟರ್ ಇದೆ. ಎಲ್ಲರೂ ಬಿಎಸಿಸಿ ಅಂತಾರೆ. ನ್ಯಾಷನಲ್ ಸ್ಟೇಡಿಯಂ ಸ್ಟೇಷನ್ನಿನಲ್ಲಿ ಸ್ಕೈಟ್ರೇನ್ ಇಳಿದರೆ ಸ್ಕೈವಾಕ್ ಮೇಲೆಯೇ ನಡೆದು ಒಳಗೆ ಹೋಗಬಹುದು. ರಸ್ತೆ ದಾಟುವ ಕಷ್ಟ ಇಲ್ಲ, ಟಿಕೆಟ್ಟೂ ಇಲ್ಲ.

ಒಳಗೆ ಬಿಳಿ ಗೋಡೆಗಳು, ದುಂಡಗೆ ಸುತ್ತುತ್ತಾ ಮೇಲಕ್ಕೆ ಏರುವ ದಾರಿ. ದೊಡ್ಡ ಪ್ರದರ್ಶನಗಳು 7ರಿಂದ 9ನೇ ಮಹಡಿಯಲ್ಲಿ. ಕೆಳಗೆ ಪುಟ್ಟ ಅಂಗಡಿಗಳು, ಕಾಫಿ, ಲೈಬ್ರರಿ. ನನಗೆ ಗೋಡೆ ಮೇಲಿನ ಚಿತ್ರಗಳಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಜನ. ಯೂನಿಫಾರ್ಮ್ ಹಾಕಿದ ಕಾಲೇಜು ಹುಡುಗರು, ಶಾಪಿಂಗ್ ಚೀಲ ಹಿಡಿದೇ ಬಂದ ಸಂಸಾರಗಳು, ಸುಮ್ನೆ ಎಸಿಗೆಂದು ಒಳಬಂದು ಕೂತವರು. ಯಾರೂ ಯಾರನ್ನೂ 'ಇಲ್ಲೇನು ಕೆಲಸ' ಅಂತ ನೋಡುವುದಿಲ್ಲ. ಗ್ಯಾಲರಿ ಅಂದರೆ ಇದು ಅಂತ ನನಗೆ ಅನ್ನಿಸಿದ್ದು ಅಲ್ಲೇ. ಒಳ್ಳೆಯ ಕಲೆ ಎಲ್ಲಿ ಬೇಕಾದರೂ ಸಿಗುತ್ತದೆ. ದಾರಿಯಲ್ಲಿ ಹೋಗುವವನು ಹೆದರದೆ ಒಳಗೆ ಬರುವ ಜಾಗ ಸಿಗುವುದು ಕಷ್ಟ.

ಈ ಜಾಗ ಸುಲಭವಾಗಿ ಬಂದದ್ದೂ ಅಲ್ಲ. ಇಂಥದ್ದೊಂದು ಬೇಕು ಅಂತ ಅಲ್ಲಿನ ಕಲಾವಿದರು 1990ರ ದಶಕದಿಂದಲೇ ಕೇಳುತ್ತಿದ್ದರು. ಆಮೇಲೆ ಬಂದ ಬ್ಯಾಂಕಾಕ್ ಗವರ್ನರ್ (ನಮ್ಮ ಮೇಯರ್ ಥರ) ಒಬ್ಬರು ಅದೇ ಜಾಗದಲ್ಲಿ ಅಂಗಡಿ ಮಳಿಗೆಗಳೇ ಹೆಚ್ಚಿರುವ ಕಟ್ಟಡ ಕಟ್ಟಿಸಲು ಹೊರಟರು. ಸುತ್ತ ಅಷ್ಟು ಮಾಲ್ ಇದ್ದರೂ ಇನ್ನೊಂದು! ಕಲಾವಿದರು ಬಿಡಲಿಲ್ಲ. ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2008ರಲ್ಲಿ ಬಾಗಿಲು ತೆರೆಯಿತು. 2018ರಲ್ಲಿ ನಗರಾಡಳಿತ ಇದನ್ನು ತಾನೇ ನಡೆಸುತ್ತೇನೆ ಅಂದಾಗ ಮತ್ತೆ ಗಲಾಟೆ, ಕೊನೆಗೆ ನಗರಾಡಳಿತವೇ ಹಿಂದೆ ಸರಿಯಿತು. ನಮ್ಮ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿಯವರಿಗೆ ವಹಿಸುವ ಒಪ್ಪಂದದ ವಿರುದ್ಧ 2016ರಲ್ಲಿ ಬೆಂಗಳೂರಿನ ಕಲಾವಿದರು ಬೀದಿಗಿಳಿದದ್ದು ನೆನಪಿರುವವರಿಗೆ ಇದೆಲ್ಲ ಹೊಸದಲ್ಲ.

ಈಗ ಬ್ಯಾಂಕಾಕ್‌ನಲ್ಲಿ ಶ್ರೀಮಂತರ ಮ್ಯೂಸಿಯಂಗಳ ಕಾಲ. 2012ರಲ್ಲಿ ಶುರುವಾದ ಮೋಕಾ ಅನ್ನುವ ಸಮಕಾಲೀನ ಕಲೆಯ ಮ್ಯೂಸಿಯಂ ಒಬ್ಬ ಟೆಲಿಕಾಂ ಉದ್ಯಮಿಯದು. ಥಾಯ್ ಕಲಾವಿದ ತವಾನ್ ದಚನೀ ಅವರ ಕಪ್ಪು, ಕೆಂಪಿನ ಅಬ್ಬರದ ಚಿತ್ರಗಳನ್ನು ನೋಡಲಾದರೂ ಅಲ್ಲಿಗೆ ಹೋಗಬೇಕು. 2024ರಲ್ಲಿ ಚೈನಾಟೌನ್‌ನಲ್ಲಿ ತೆರೆದ ಬ್ಯಾಂಕಾಕ್ ಕುನ್ಸ್ತಾಲೆ ಅನ್ನುವ ಕಲಾಕೇಂದ್ರ, ಕೋಳಿ ವ್ಯಾಪಾರದಿಂದ ಸೆವೆನ್ ಇಲೆವೆನ್ ಅಂಗಡಿಗಳವರೆಗೆ ಕೈಚಾಚಿರುವ ಸಿಪಿ ಕುಟುಂಬದ ಸೊಸೆಯ ಕನಸು. ಹಿಂದೆ ಪಠ್ಯಪುಸ್ತಕ ಅಚ್ಚಾಗುತ್ತಿದ್ದ ಕಟ್ಟಡ, ನಡುವೆ ಬೆಂಕಿ ಬಿದ್ದು ಪಾಳುಬಿದ್ದಿತ್ತು. ಮಸಿ ಹಿಡಿದ ಗೋಡೆಗಳನ್ನು ಹಾಗೇ ಉಳಿಸಿದ್ದಾರೆ. ಬಹಳ ಚೆನ್ನಾಗಿದೆ, ಸುಳ್ಳು ಹೇಳಲ್ಲ. 2025ರ ಡಿಸೆಂಬರ್‌ನಲ್ಲಿ ಹಳೆಯ ಗೋದಾಮಿನಲ್ಲಿ ದಿಬ್ ಬ್ಯಾಂಕಾಕ್ ಮ್ಯೂಸಿಯಂ ಬಂತು. ಎಂ-150 ಎನರ್ಜಿ ಡ್ರಿಂಕ್ ಮಾಡುವ ಮನೆತನದ ಪೆಟ್ಚ್ ಒಸತನುಗ್ರ ಕೂಡಿಟ್ಟ ಕಲಾಕೃತಿಗಳು. ಅವರು 2023ರಲ್ಲಿ ತೀರಿಕೊಂಡರು, ಮಗ ಕೆಲಸ ಮುಗಿಸಿದರು. (ಪೆಟ್ಚ್ ಎಂಬ ಈ ಪುಣ್ಯಾತ್ಮ ಒಂದು ಕಾಲದಲ್ಲಿ ಪಾಪ್ ಗಾಯಕ ಕೂಡ ಆಗಿದ್ದರು!)

ಶ್ರೀಮಂತರು ಕಲೆಗೆ ದುಡ್ಡು ಹಾಕಿದರೆ ನನಗೇನೂ ಸಿಟ್ಟಿಲ್ಲ. ಸರ್ಕಾರ ಮಾಡದ್ದನ್ನು ಅವರಾದರೂ ಮಾಡಿದರಲ್ಲ. ಆದರೆ ಅಲ್ಲಿ ನಾವು ನೋಡುವುದು ಒಬ್ಬರ ರುಚಿಯನ್ನು. ಅವರಿಗೆ ಬೇಡವಾದದ್ದು ಗೋಡೆಗೆ ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಜಗಳ ತೆಗೆಯಲು ನಮಗೆ ಹಕ್ಕೂ ಇಲ್ಲ.

ಬಿಎಸಿಸಿ ಊರಿನ ಎಲ್ಲರ ಜಾಗ, ಅಲ್ಲಿ ಆ ಹಕ್ಕು ಇದೆ. ಅದಕ್ಕೇ ಅಲ್ಲಿ 2025ರ ಜುಲೈನಲ್ಲಿ ಆದದ್ದು ಜಾಸ್ತಿ ನೋಯಿಸುತ್ತದೆ. ಸರ್ವಾಧಿಕಾರಿ ದೇಶಗಳು ಒಂದಕ್ಕೊಂದು ಹೇಗೆ ಆಸರೆಯಾಗಿವೆ ಅಂತ ತೋರಿಸುವ ಪ್ರದರ್ಶನ ಅದು. ಶುರುವಾದ ಕೆಲವೇ ದಿನಕ್ಕೆ ಚೀನಾ ರಾಯಭಾರ ಕಚೇರಿಯವರು ನಗರದ ಅಧಿಕಾರಿಗಳ ಜೊತೆ ಬಂದರು. ಅವರ ಒತ್ತಡಕ್ಕೆ ಬಿಎಸಿಸಿಯವರೇ ಟಿಬೆಟ್, ಹಾಂಗ್‌ಕಾಂಗ್, ಚೀನಾದ ಉಯಿಗುರ್ ಸಮುದಾಯದ ಕಲಾವಿದರ ಹೆಸರಿನ ಮೇಲೆ ಕಪ್ಪು ಬಳಿದರು. ಕೆಲವು ಕೃತಿಗಳನ್ನೇ ತೆಗೆದರು. ಪ್ರದರ್ಶನ ರೂಪಿಸಿದ ಕ್ಯುರೇಟರ್‌ಗಳಲ್ಲಿ ಒಬ್ಬರು, ಮ್ಯಾನ್ಮಾರ್‌ನ ಕಲಾವಿದ, ದೇಶ ಬಿಟ್ಟು ಹೋದರು.

ಹಾಗಾದರೆ ಸಣ್ಣ ಖಾಸಗಿ ಗ್ಯಾಲರಿಗಳೇ ವಾಸಿಯಾ? ಅದೂ ಇಲ್ಲ. ಕಲಾವಿದ ರಿರ್ಕ್ರಿತ್ ತಿರವನಿಜ ಕಟ್ಟಿದ ಗ್ಯಾಲರಿ ವೆರ್‌ಗೆ 2017ರಲ್ಲಿ ಸೈನಿಕರೇ ಬಂದು ಫೋಟೋಗಳನ್ನು ಇಳಿಸಿಹೋಗಿದ್ದರು. ಊಳಿಗಮಾನ್ಯ ಕಾಲ ಅಲ್ಲ, ಮೊನ್ನೆ ಮೊನ್ನೆಯ ಮಾತು.

ಇಷ್ಟಾದರೂ ಮೊದಲು ಬಿಎಸಿಸಿಗೇ ಹೋಗಿ ಅಂತ ಹೇಳುತ್ತೇನೆ. ಖಾಸಗಿ ಮ್ಯೂಸಿಯಂನಲ್ಲಿ ಒಂದು ಚಿತ್ರ ಕಾಣೆಯಾದರೆ ನಮಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಕಪ್ಪು ಬಳಿದದ್ದು ಜಗತ್ತಿಗೇ ಸುದ್ದಿಯಾಯಿತು. ಕಾವಲು ಕಾಯುವ ಜನ ಇದ್ದರು ಅಂತಲೇ ಅಲ್ವಾ? ಜನ ಹೋಗುವುದು ನಿಂತರೆ ಆ ಕಟ್ಟಡ ಮಾಲ್ ಆಗಲು ಜಾಸ್ತಿ ದಿನ ಬೇಕಿಲ್ಲ. ಜಾಗ ಅಂಥದ್ದು.

ಹೋಗುವವರಿಗೆ ಒಂದು ಮಾತು. ಸೋಮವಾರ ರಜ. ಎಂಬಿಕೆ ಶಾಪಿಂಗ್ ಆಮೇಲೆ ಇಟ್ಟುಕೊಳ್ಳಿ, ಚೀಲ ಹೊತ್ತು ಅಷ್ಟು ಮಹಡಿ ಸುತ್ತಲು ಆಗಲ್ಲ.