ಪವಾಡವಲ್ಲ, ಅಭ್ಯಾಸ

ಮುಖ್ಯ ಪ್ಯಾರಾಚೂಟ್ ತಿರುಚಿಕೊಂಡು ಗಿರಗಿರನೆ ಸುತ್ತತೊಡಗಿದರೂ ಸ್ಕೈಡೈವರ್ (ವಿಮಾನದಿಂದ ಜಿಗಿಯುವ ಸಾಹಸಿ) ಜೀವಂತವಾಗಿ ನೆಲ ಮುಟ್ಟಿದ್ದನ್ನು, ಆ ಘಟನೆಯ ಕುರಿತ ಲೇಖನದಲ್ಲಿ ಲೇಖಕರು ‘ಪವಾಡ’ ಎಂದು ಕರೆದಿದ್ದಾರೆ. ಅವರ ಸಂತೋಷ ನನ್ನದೂ ಹೌದು. ಆದರೆ ಆ ಪದವನ್ನು ಒಪ್ಪಲು ಮನಸ್ಸು ಬರುತ್ತಿಲ್ಲ. ಹೊಟ್ಟೆಯಡಿಯಾಗಿ ಬೀಳುವ ದೇಹದ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್, ಅಂದರೆ ಪ್ಯಾರಾಚೂಟ್ ತೆರೆಯದೇ ಹೋದರೆ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು ಎತ್ತರ ಕೈಬಿಟ್ಟು ಹೋಗುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ಬಲ ಎದೆಯ ಬಳಿಯ ಮೆತ್ತನೆಯ ಹಿಡಿಕೆಯನ್ನು ಎಳೆದು ಕೆಟ್ಟ ಪ್ಯಾರಾಚೂಟನ್ನು ಕಳಚಬೇಕು, ಆಮೇಲೆಯೇ ಎಡಗಡೆಯ ಹಿಡಿಕೆಯಿಂದ ಮೀಸಲು ಪ್ಯಾರಾಚೂಟನ್ನು ಬಿಡಿಸಬೇಕು. ಕ್ರಮ ತಪ್ಪಿದರೆ ಎರಡೂ ಒಂದಕ್ಕೊಂದು ಸಿಕ್ಕಿಕೊಳ್ಳುವ ಅಪಾಯವಿದೆ. ನೆಲದ ಮೇಲೆ ಪಟ್ಟಿಗಳಲ್ಲಿ ನೇತಾಡುತ್ತಾ ‘ನೋಡು, ಹಿಡಿ, ಎಳೆ’ ಎಂದು ಮತ್ತೆ ಮತ್ತೆ ಮಾಡಿದ ಅಭ್ಯಾಸವೇ ಆಗ ಕೈಯನ್ನು ನಡೆಸುತ್ತದೆ.

ಮುಖ್ಯ ಪ್ಯಾರಾಚೂಟನ್ನು ಮೈಪಟ್ಟಿಗಳಿಗೆ ಹಿಡಿದಿಡುವ, ಭುಜದ ಮೇಲಿನ ಮೂರು ಉಂಗುರಗಳ ಬಗ್ಗೆಯೂ ಲೇಖನ ಹೇಳಬೇಕಿತ್ತು. 1970ರ ದಶಕದಲ್ಲಿ ಬಿಲ್ ಬೂತ್ ರೂಪಿಸಿದ ಈ ಜೋಡಣೆಯಲ್ಲಿ ಒಂದರೊಳಗೊಂದು ತೂರಿದ ಉಂಗುರಗಳು ಸನ್ನೆಗೋಲಿನಂತೆ ಕೆಲಸ ಮಾಡುವುದರಿಂದ, ಇಡೀ ದೇಹದ ಭಾರ ಜಗ್ಗುತ್ತಿದ್ದರೂ ಅವು ಸಣ್ಣ ಎಳೆತಕ್ಕೆ ಬಿಟ್ಟುಕೊಳ್ಳುತ್ತವೆ. ಗಾಳಿಯ ಒತ್ತಡವನ್ನು ಅಳೆದು ಮೀಸಲು ಪ್ಯಾರಾಚೂಟನ್ನು ತಾನಾಗಿಯೇ ಬಿಡಿಸುವ ಸಾಧನವೂ ಇದೆ ನಿಜ, ಆದರೆ ಅರೆತೆರೆದ ಪ್ಯಾರಾಚೂಟಿನಡಿ ಬೀಳುವಾಗ ವೇಗವು ಆ ಸಾಧನ ಕೆಲಸ ಶುರುಮಾಡುವ ಮಿತಿಯನ್ನು ಮುಟ್ಟದೇ ಇರಬಹುದಾದ್ದರಿಂದ ಅದನ್ನೇ ನಂಬಿ ಕೂರುವಂತಿಲ್ಲ.

ಆ ಮೀಸಲು ಪ್ಯಾರಾಚೂಟನ್ನು ಎಂದೋ ಒಂದು ದಿನ ಮಡಿಕೆ ಮಡಿಕೆಯಾಗಿ ಪರೀಕ್ಷಿಸಿ ಮಡಚಿಟ್ಟ ರಿಗ್ಗರ್‌ಗೆ (ಪ್ಯಾರಾಚೂಟ್ ತಂತ್ರಜ್ಞರಿಗೆ) ಲೇಖನದಲ್ಲಿ ಒಂದು ಸಾಲಾದರೂ ಸಿಗಬೇಕಿತ್ತು.