ಐದು ಕಂಪನಿ, ಒಂದೇ ಕಬ್ಬು

ಬೆಳಗಾವಿ ಜಿಲ್ಲೆಯವರಿಗೆ ಶೇರು ಕಲಿಸಲು ಮುಂಬೈಯಿಂದ ಯಾರೂ ಬರಬೇಕಿಲ್ಲ. ಮೂಡಲಗಿ ಕಡೆಯ ನಮ್ಮ ಮನೆಯ ಟ್ರಂಕಿನಲ್ಲಿ, ಹೊಲದ ಉತಾರದ ಕೆಳಗೆ, ಸಹಕಾರಿ ಸಕ್ಕರೆ ಕಾರ್ಖಾನೆಯ ಶೇರು ಪತ್ರವೊಂದು ನಾನು ಹುಟ್ಟುವ ಮೊದಲಿನಿಂದಲೂ ಮಲಗಿದೆ. ಅದರಿಂದ ಅಪ್ಪನಿಗೆ ರಿಯಾಯಿತಿ ದರದ ಸಕ್ಕರೆ ಬರುತ್ತದೆ, ವಾರ್ಷಿಕ ಸಭೆಯಲ್ಲಿ ಊಟ ಸಿಗುತ್ತದೆ, ಊಟಕ್ಕೆ ಮುಂಚೆ ಆಡಳಿತ ಮಂಡಳಿಯನ್ನು ಬೈಯುವ ಹಕ್ಕೂ ಇದೆ. ಪತ್ರವಿಲ್ಲದೆ ಕಂಪ್ಯೂಟರಿನಲ್ಲೇ ಶೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆಯನ್ನು ನಾನು ತೆರೆದೆನೆಂದಾಗ ಅವರು ವಿಚಾರಿಸಿದ್ದು ಇವನ್ನೇ. ಸಕ್ಕರೆಯೂ ಇಲ್ಲ, ಊಟವೂ ಇಲ್ಲ ಎಂದು ತಿಳಿದ ಮೇಲೆ ಅವರಿಗೆ ಆ ವಿಷಯದಲ್ಲಿ ಆಸಕ್ತಿ ಉಳಿಯಲಿಲ್ಲ.

ಆಸಕ್ತಿ ಹುಟ್ಟಿದ್ದು ನನ್ನ ಹೆಂಡತಿಗೆ. ಅರ್ಜಿಯಲ್ಲಿ ನಾಮಿನಿ ಎಂಬ ಜಾಗಕ್ಕೆ ಅವಳ ಹೆಸರು ತುಂಬಿದ್ದೇ ತಡ, “ಇವತ್ತು ಎಷ್ಟಾಗಿದೆ?” ಎಂದು ಅವಳು ಕೇಳುವ ಧ್ವನಿಗೆ ಒಡೆತನದ ಗತ್ತು ಬಂದುಬಿಟ್ಟಿತು. ನಾನಿನ್ನೂ ಬದುಕಿದ್ದೇನೆ ಎಂಬ ಸಣ್ಣ ತಾಂತ್ರಿಕ ಅಡಚಣೆಯನ್ನು ಅವಳು ದೊಡ್ಡದು ಮಾಡುವುದಿಲ್ಲ.

ಎಲ್ಲ ದುಡ್ಡನ್ನೂ ಒಂದೇ ಕಡೆ ಹಾಕಬೇಡ, ಹಂಚಿ ಹಾಕು ಎಂದು ಬಲ್ಲವರೆಲ್ಲ ಹೇಳಿದ್ದರು. ನಾನು ಚಾಚೂ ತಪ್ಪದೆ ಹಂಚಿದೆ. ಒಂದು ಸಕ್ಕರೆ ಕಂಪನಿ. ಕಬ್ಬಿನಿಂದ, ಪೆಟ್ರೋಲಿಗೆ ಬೆರೆಸುವ ಎಥೆನಾಲ್ ತಯಾರಿಸುವ ಕಂಪನಿ ಒಂದು. ಸಕ್ಕರೆ ಕಾರ್ಖಾನೆಗಳಿಗೆ ಯಂತ್ರ ಕಟ್ಟಿಕೊಡುವುದು ಒಂದು. ಗೊಬ್ಬರದ್ದೊಂದು. ಹೊಲದಿಂದ ಕಾರ್ಖಾನೆಗೆ ಕಬ್ಬು ಎಳೆಯುವ ಟ್ರ್ಯಾಕ್ಟರಿನದ್ದೊಂದು. ಐದು ಬಗೆಯ ಉದ್ಯೋಗ! ಇದಕ್ಕಿಂತ ವೈವಿಧ್ಯ ಮದುವೆಯೂಟದಲ್ಲೂ ಸಿಗದು ಎಂದು ಬೀಗಿದೆ. ಬ್ಯಾಂಕಿನಲ್ಲಿರುವ ಗೆಳೆಯನೊಬ್ಬ ಪಟ್ಟಿಯನ್ನು ನೋಡಿ, “ನೀನು ಐದು ಕಂಪನಿ ಕೊಂಡಿಲ್ಲ, ಒಂದೇ ಕಬ್ಬನ್ನು ಐದು ತುಂಡು ಮಾಡಿ ಕೊಂಡಿದ್ದೀಯ” ಎಂದ. ಬ್ಯಾಂಕಿನವರು ಇನ್ನೊಬ್ಬರ ಸುಖ ಸಹಿಸುವುದಿಲ್ಲ ಎಂದುಕೊಂಡೆ.

2023ರಲ್ಲಿ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಮಳೆ ಕೈಕೊಟ್ಟಿತು. ಸಕ್ಕರೆ ಸಾಲದೇ ಹೋದೀತೆಂದು ಕೇಂದ್ರ ಸರ್ಕಾರ ಡಿಸೆಂಬರ್ 7ರಂದು, ಕಬ್ಬಿನ ರಸದಿಂದ ನೇರವಾಗಿ ಎಥೆನಾಲ್ ಮಾಡಕೂಡದು ಎಂದು ಕಾರ್ಖಾನೆಗಳಿಗೆ ಆದೇಶ ಕಳಿಸಿತು. ಐದೂ ಶೇರುಗಳ ದರ ಬಿದ್ದು, ನನ್ನ ಮೊಬೈಲಿನ ಪರದೆ ಮೇಲಿನಿಂದ ಕೆಳಗಿನವರೆಗೂ ಕೆಂಪಾಯಿತು. ವಾರ ಕಳೆದು, 17 ಲಕ್ಷ ಟನ್ ಸಕ್ಕರೆಯಷ್ಟನ್ನು ಎಥೆನಾಲಿಗೆ ತಿರುಗಿಸಬಹುದೆಂದು ಸರ್ಕಾರ ಕೊಂಚ ಸಡಿಲಿಸಿದ ಮೇಲೆ ಅದಕ್ಕೂ ನನಗೂ ಸ್ವಲ್ಪ ಉಸಿರು ಬಂತು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಚಹಾಕ್ಕೆ ಸಕ್ಕರೆ ಸಾಲದು ಎನ್ನುವಂತಿರಲಿಲ್ಲ.

ಆಮೇಲೆ ಗೆಳೆಯನ ಮಾತಿಗೆ ಮಣಿದು, ದೇಶದ ದೊಡ್ಡ ಕಂಪನಿಗಳ ಶೇರುಗಳನ್ನು ಒಟ್ಟಿಗೆ ಕೊಳ್ಳುವ ನಿಫ್ಟಿ ಸೂಚ್ಯಂಕದ ಫಂಡು ಕೊಂಡೆ. ಐವತ್ತು ಕಂಪನಿಗಳ ಆ ಪಟ್ಟಿಯಲ್ಲಿ ಒಂದೇ ಒಂದು ಸಕ್ಕರೆ ಕಂಪನಿಯೂ ಇಲ್ಲ. ಈ ಜಿಲ್ಲೆಯವನಾಗಿ ನನಗೆ ಅವಮಾನವೆನಿಸಿತು. ಅದರ ಜೊತೆಗೆ ಹೆಸರು ನೋಡಿ ಇನ್ನೂ ಎರಡು ಫಂಡು ಕೊಂಡದ್ದಾಯಿತು. ಬಿಚ್ಚಿ ನೋಡಿದರೆ ಮೂರರ ಹೊಟ್ಟೆಯಲ್ಲೂ ಮೇಲಿನ ಸಾಲಿನಲ್ಲಿ ಅದೇ ದೊಡ್ಡ ಬ್ಯಾಂಕುಗಳು ಕುಳಿತಿದ್ದವು.

ಇದನ್ನೆಲ್ಲ ಅಪ್ಪನ ಮುಂದೆ ಹೇಳಿಕೊಂಡೆ. ಜೋಳದ ಹೊಲದ ಸುತ್ತ ಮುಳ್ಳಿನ ಕುಸುಬೆ ಬಿತ್ತಿ, ನಡುವೆ ಕಡಲೆ ಹಾಕಿ, ಒಂದು ಹೋದರೆ ಇನ್ನೊಂದು ಎಂದು ಬದುಕಿದ ಹಿರಿಯರ ಜಾಣತನವನ್ನು ಅವರು ಬಹಳ ಹೊತ್ತು ಬಣ್ಣಿಸಿದರು. ಕೇಳಲು ಚೆನ್ನಾಗಿತ್ತು. ಆದರೆ ಕಾಲುವೆಗೆ ನೀರು ಬಂದಂದಿನಿಂದ ನಮ್ಮ ಹೊಲದಲ್ಲಿ ಬದುವಿನಿಂದ ಬದುವಿಗೆ ಕಬ್ಬೇ ಇದೆ. ಹಾಗಾಗಿ ಮಳೆಗಾಲದಲ್ಲಿ ತಂದೆ ಮಗ ಇಬ್ಬರೂ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಹಿಡಕಲ್ ಜಲಾಶಯದ ಮಟ್ಟವನ್ನು.

ಮಳೆಯ ವಿಷಯದಲ್ಲಿ ನಾವು ಒಂದೇ ಪಕ್ಷ; ದರದ ವಿಷಯಕ್ಕೆ ಬಂದರೆ ಎದುರು ಪಕ್ಷ. 2025ರ ನವೆಂಬರಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ಗುರ್ಲಾಪುರ ಕ್ರಾಸಿನಲ್ಲಿ ರೈತರು ಧರಣಿ ಕುಳಿತಾಗ ಅಪ್ಪ ಟವೆಲ್ ಹೆಗಲಿಗೇರಿಸಿ ಹೊರಟರು. ರೈತರು ಗೆದ್ದರೆ ಕಬ್ಬಿನ ಬಿಲ್ಲು ಏರುತ್ತದೆ, ಕಂಪನಿಯ ಲಾಭ ಇಳಿಯುತ್ತದೆ, ಸೋತರೆ ತಿರುಗಾಮುರುಗಾ. ಅಂದರೆ ಯಾರು ಗೆದ್ದರೂ ದುಡ್ಡು ನಮ್ಮ ಮನೆಗೇ. ಯಾವ ಸಲಹೆಗಾರನೂ ಹೇಳಿಕೊಡದ ಹಂಚಿಕೆ ನಮ್ಮ ಮನೆಯಲ್ಲಿ ತಾನಾಗಿ ಆಗಿತ್ತು! ಕಂಪನಿಯ ಪಾಲುದಾರನಾದ ನಾನೇ ಧರಣಿಗೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಟ್ಟೆ.

ಶುಕ್ರವಾರ ರಾಜ್ಯ ಸರ್ಕಾರ 3,300 ರೂಪಾಯಿ ಎಂದು ಘೋಷಿಸಿತು. ಮರುದಿನ ಅಪ್ಪ ಫೋನ್ ಮಾಡಿದರು. ಗಂಟಲು ಘೋಷಣೆ ಕೂಗಿ ಬಿದ್ದುಹೋಗಿತ್ತು, ಉತ್ಸಾಹ ಬಿದ್ದಿರಲಿಲ್ಲ.

“ತಮ್ಮಾ, ನಿನ್ನ ಕಂಪನಿ ಎಷ್ಟು ಇಳಿಯಿತು?”

“ಇವತ್ತು ಶನಿವಾರ ಅಪ್ಪ. ಶನಿವಾರ, ಭಾನುವಾರ ಶೇರು ಪೇಟೆಗೆ ರಜೆ. ಸೋಮವಾರ ಬೆಳಿಗ್ಗೆ 9.15ಕ್ಕೆ ಗೊತ್ತಾಗುತ್ತದೆ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ವಾರಕ್ಕೆ ಎರಡು ದಿನ ಬಾಗಿಲು ಹಾಕುವವರ ಕೈಯಲ್ಲಿ ದುಡ್ಡು ಕೊಟ್ಟಿದ್ದೀಯಾ?”